ಖಣದೊಳಗಿನ ಕುಪ್ಪಸಗಳು

ನನ್ನ ಅಣ್ಣ ತನ್ನ ಹೆಂಡತಿಗೆ ರೊಕ್ಕ ಕೊಡುವ ರೀತಿಯನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ಅದನ್ನು ಬರೆದಿಡಬೇಕು ಅನಿಸಿದೆ. ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಅಣ್ಣನನ್ನು ಹೊಗಳಿ ಬರೆಯುವುದು ನನಗೆ ಕಷ್ಟವಲ್ಲ. ಅದರ ನಡುವೆ ನಾನು ಮಾಡಿದ್ದನ್ನೂ ಬರೆಯಬೇಕಲ್ಲ, ಅದು ಕಷ್ಟ.

ಅಣ್ಣ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ನಮ್ಮ ಮನೆ ಹೊಸಪೇಟೆಯಲ್ಲಿ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ಸಂಜೆ ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಬರುತ್ತಾನೆ. ಕಣ್ಣಿನ ರೆಪ್ಪೆಯೂ ಕೆಂಪಾಗಿರುತ್ತದೆ. ನಾನು ಅವನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ನನ್ನ ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದ. ನಾನು ಟ್ರಂಕು ಎತ್ತಿಕೊಂಡು ತವರಿಗೆ ಬಂದೆ. ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಹಾಸಿಗೆಯ ಬಟ್ಟೆ ಬದಲಿಸುವ, ಒಗೆದು ಒಣಗಿಸುವ ಕೆಲಸ ಸಿಕ್ಕಿತು. ಇವತ್ತಿಗೂ ಅಲ್ಲೇ ಇದ್ದೇನೆ.

ಅತ್ತಿಗೆ ಕಂಪ್ಲಿಯವಳು. ಅವಳ ನಾಲಿಗೆ ಕತ್ತರಿ ಇದ್ದ ಹಾಗೆ, ಆದರೆ ಗಾಯವಾಗುವಂತೆ ಕತ್ತರಿಸುವುದಿಲ್ಲ. ಮದುವೆಯಾದ ಹೊಸತರಲ್ಲಿ ಅಣ್ಣ ಅವಳಿಗೊಂದು ಸೀರೆ ತಂದ. ಬದನೆಕಾಯಿ ಬಣ್ಣ, ಮೈತುಂಬ ಮಿಂಚು. ಅತ್ತಿಗೆ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು.

"ಚಂದ ಇಲ್ಲೇನು?" ಅಂದ ಅಣ್ಣ.

"ಐತಿ. ನಾಟಕದಾಗ ಪಾರ್ಟು ಮಾಡೋರಿಗೆ ಭಾಳ ಒಪ್ಪತೈತಿ."

ಆಗ ಇನ್ನೂ ಬದುಕಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆ ಮನೆಗೆ ಎದ್ದು ಹೋದಳು.

"ಮತ್ತ ನಿನಗೇನು ಬೇಕಂತ ನನಗ ಹೆಂಗ ಗೊತ್ತಾಗಬೇಕು?"

"ರೊಕ್ಕ ಕೊಡ್ರಿ. ನನಗ ಬೇಕಾದ್ದು ನಾ ತಗೋತೀನಿ."

ಪಗಾರ ಬಂದ ದಿನ ಅಣ್ಣ ಐನೂರರ ಒಂದು ನೋಟು ಹಿಡಿದು ಅವಳ ಮುಂದೆ ಚಾಚಿದ. ಅತ್ತಿಗೆ ಕೈ ಮುಂದೆ ಮಾಡಲಿಲ್ಲ.

"ಗಣ್ಯಾಗ ಬಟವಾಡೆ ಮಾಡಿದಂಗ ಚಾಚ್ತೀರಲ್ಲ. ಹೆಬ್ಬೆಟ್ಟು ಎಲ್ಲಿ ಒತ್ತಲಿ ಹೇಳ್ರಿ."

ಬೇರೆ ಗಂಡಸಾಗಿದ್ದರೆ ಕೂಗಾಡುತ್ತಿದ್ದ. ಅಣ್ಣ ನೋಟನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ಒಂದು ವಾರ ಯೋಚನೆ ಮಾಡಿದ. ಅದಿರು ತುಂಬಿಸಿಕೊಳ್ಳಲು ಟಿಪ್ಪರ್‌ಗಳು ಸಾಲು ನಿಲ್ಲುತ್ತವೆ, ಒಂದೊಂದು ದಿನ ತಾಸುಗಟ್ಟಲೆ. ಉಳಿದ ಡ್ರೈವರುಗಳು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಾರೆ, ಇಲ್ಲವೇ ಇಸ್ಪೀಟು ಆಡುತ್ತಾರೆ. ಇವನು ಮೊಬೈಲಿನಲ್ಲಿ ಕಾಗದ ಮಡಿಚುವ ವೀಡಿಯೋ ನೋಡುತ್ತ, ಹಳೆಯ ತೂಕದ ಚೀಟಿಗಳನ್ನು ಮಡಿಚಿ ಮಡಿಚಿ ಕಲಿತನಂತೆ. ಸ್ಟೇರಿಂಗ್ ಹಿಡಿದು ಒರಟಾದ ಬೆರಳುಗಳು ಅವು.

ಮುಂದಿನ ಶುಕ್ರವಾರ ಒಂದು ಮಲ್ಲಿಗೆ ದಂಡೆ ತಂದ. ನಡುನಡುವೆ ಹಳದಿ ಸೇವಂತಿಗೆ. ಅತ್ತಿಗೆ ಮುಡಿದುಕೊಂಡು ದೀಪ ಹಚ್ಚಿ ಬಂದಳು. ಅವಳ ಹಿಂದೆ ಕೂತಿದ್ದ ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಏನವ್ವಾ, ನಿನ್ನ ತುರುಬಿನಾಗ ಇನ್ನೂರು ರೂಪಾಯಿ ಅರಳೈತಿ!" ಅಂದಳು. ಸೇವಂತಿಗೆಗಳಲ್ಲಿ ಮೂರು ಹೂವಲ್ಲ, ಹಳದಿ ಬಣ್ಣದ ಇನ್ನೂರರ ನೋಟು. ಎಸಳು ಎಸಳಾಗಿ ಮಡಿಚಿ, ಬಾಳೆ ನಾರಿನಿಂದ ಕಟ್ಟಿದ್ದ. ಹಿತ್ತಲಿನಲ್ಲಿ ಕೈಕಾಲು ತೊಳೆಯುತ್ತಿದ್ದ ಅಣ್ಣ ಈ ಕಡೆ ತಿರುಗಲೇ ಇಲ್ಲ. ಅವನ ಕಿವಿ ಮಾತ್ರ ಕೆಂಪಗಾಗಿತ್ತು, ಅದು ಗಣಿಯ ಧೂಳಲ್ಲ.

ಅಲ್ಲಿಂದ ಶುರುವಾಯಿತು. ಒಮ್ಮೆ ಬೀಡಾ ತಂದ. ಎಲೆ ಬಿಡಿಸಿದರೆ ಒಳಗೆ ಸುಣ್ಣ ಅಡಿಕೆ ಇಲ್ಲ, ನೂರರ ನೋಟು ಮೂರು ಮೂಲೆಯಾಗಿ ಕೂತಿದೆ, ಮೇಲೊಂದು ಲವಂಗ ಚುಚ್ಚಿದೆ. ಒಮ್ಮೆ ಅವಳ ಬಳೆಯ ಅಳತೆಗೆ ಸರಿಯಾಗಿ ಹತ್ತರ ನೋಟುಗಳನ್ನು ಸುರುಳಿ ಸುತ್ತಿ, ಒಂದಕ್ಕೊಂದು ಸಿಕ್ಕಿಸಿ ಬಳೆ ಮಾಡಿದ್ದ. ಬಾಳೆಹಣ್ಣಿನ ಪ್ರಯೋಗ ಮಾತ್ರ ಕೆಟ್ಟಿತು. ಹಂಪಿಗೆ ದೇವರ ದರ್ಶನಕ್ಕೆ ಹೋಗಿದ್ದೆವು. ಬಾಳೆಯ ಚಿಪ್ಪಿನಲ್ಲಿ ಒಂದು ಹಣ್ಣಿನ ಸಿಪ್ಪೆ ಸೀಳಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟು ಇಟ್ಟು, ಸೂಜಿದಾರದಿಂದ ಹೊಲಿದು, ಅದೇ ಚಿಪ್ಪನ್ನು ಅತ್ತಿಗೆಯ ಕೈಗೆ ಕೊಟ್ಟ. ಕೋತಿಯೊಂದು ಚಿಪ್ಪನ್ನೇ ಕಿತ್ತುಕೊಂಡು ಮಂಟಪ ಹತ್ತಿತು. ಅಣ್ಣ ಚಪ್ಪಲಿ ಬಿಟ್ಟು ಕಂಬ ಹತ್ತಲು ಹೋದ.

"ಬಾಳಿಹಣ್ಣಿಗೆ ಇಷ್ಟು ಸಂಕಟ ಪಡ್ತಾರೇನ್ರಿ? ತಿನ್ಲಿ ಬಿಡ್ರಿ, ಅದಕ್ಕೂ ಜೀವ ಐತಿ," ಅಂದಳು ಅತ್ತಿಗೆ.

"ಐನೂರು ರೂಪಾಯಿ ತಿನ್ನಾಕತ್ತೈತಿ ಅದು!"

ಅತ್ತಿಗೆ ನಕ್ಕು ನಕ್ಕು ಕಲ್ಲಿನ ಮೇಲೆ ಕೂತುಬಿಟ್ಟಳು. ಅಂದಿನಿಂದ ತಿನ್ನುವ ವಸ್ತುವಿನಲ್ಲಿ ಅವನು ರೊಕ್ಕ ಇಡಲಿಲ್ಲ.

ಅವರಿಬ್ಬರ ನಡುವೆ ಒಂದು ರೂಢಿ ತಾನಾಗಿಯೇ ಬೆಳೆಯಿತು. ಅವನು ಕೊಟ್ಟೆ ಅನ್ನುತ್ತಿರಲಿಲ್ಲ, ಅವಳು ಸಿಕ್ಕಿತು ಅನ್ನುತ್ತಿರಲಿಲ್ಲ. ಮರುದಿನ ಅವನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇದ್ದರೆ, ಸಿಕ್ಕಿದೆ ಅಂತ ಅರ್ಥ. ಆ ರೊಕ್ಕದಲ್ಲಿ ಅವಳು ಏನು ತಂದಳು ಎಂದು ಅವನು ಯಾವತ್ತೂ ಕೇಳಲಿಲ್ಲ. ಹೆಂಡತಿಯ ಕೈಗೆ ರೊಕ್ಕ ಕೊಟ್ಟು ಕೇಳದೆ ಇರುವ ಗಂಡಸನ್ನು ನಾನು ನೋಡಿದ್ದು ಅವನೊಬ್ಬನನ್ನೇ.

ಇದನ್ನೆಲ್ಲ ನೋಡುವುದು ನನಗೆ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ, ಒಳಗೆ ಚುಚ್ಚುತ್ತಲೂ ಇತ್ತು. ನನಗೂ ರೊಕ್ಕ ಸಿಗುತ್ತಿತ್ತು. ಗೆಸ್ಟ್ ಹೌಸಿಗೆ ಬಂದವರು ಹೋಗುವಾಗ ದಿಂಬಿನ ಕೆಳಗೆ ಇಪ್ಪತ್ತೋ ಐವತ್ತೋ ಬಿಟ್ಟು ಹೋಗುತ್ತಿದ್ದರು. ಯಾರು ಬಿಟ್ಟರೋ ಅವರ ಮುಖ ನನಗೆ ಗೊತ್ತಿಲ್ಲ, ನನ್ನ ಮುಖ ಅವರಿಗೆ ಗೊತ್ತಿಲ್ಲ. ಆ ನೋಟುಗಳಿಗೆ ಮಡಿಕೆಯೇ ಇರುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವರಿಬ್ಬರಿಗೆ ಜಗಳವಾಯಿತು. ಅತ್ತಿಗೆ ಮದುವೆಗೆ ಮುಂಚೆಯೇ ಹೊಲಿಗೆ ಕಲಿತಿದ್ದಳು. ಒಂದು ಮಷೀನು ತಂದು ಮನೆಯಲ್ಲೇ ಕುಪ್ಪಸ, ಜಂಪರು ಹೊಲಿಯುತ್ತೇನೆ ಅಂದಳು. ಅಣ್ಣನಿಗೆ ಅದೇನಾಯಿತೋ, "ನಾ ಸತ್ತೀನೇನು, ಮಂದಿ ಜಂಪರ್ ಹೊಲ್ಯಾಕ?" ಅಂದುಬಿಟ್ಟ. ಅವಳು ಮಾತು ಬಿಟ್ಟಳು. ಹದಿನೈದು ದಿನ ಡಬ್ಬಿ ತುಂಬಿ ಹೊಸ್ತಿಲ ಮೇಲೆ ಇಡುವಳು, ಅವನು ಎತ್ತಿಕೊಂಡು ಹೋಗುವನು, ಅಷ್ಟೇ.

ಗೌರಿ ಹುಣ್ಣಿಮೆ ಬಂತು. ಆ ದಿನ ಮನೆಯ ಸೊಸೆಗೆ ಉಡಿ ತುಂಬುವುದು ನಮ್ಮ ಮನೆಯ ಪದ್ಧತಿ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಕುಪ್ಪಸ ಹೊಲಿಸಲು ಒಂದು ಖಣ. ಅವ್ವ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಗಂಡ ಬಿಟ್ಟಿದ್ದರೂ ಅವನು ಎಲ್ಲೋ ಬದುಕಿದ್ದಾನಲ್ಲ, ಹಾಗಾಗಿ ನನ್ನ ಕೈಗೆ ಆ ಹಕ್ಕು ಉಳಿದಿತ್ತು. ಬೆಳಿಗ್ಗೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದು ಒಂದು ಖಣ ಕೊಟ್ಟ.

"ಇದನ್ನ ನಿಮ್ಮತ್ತಿಗಿ ಉಡ್ಯಾಗ ಹಾಕು. ಇದನ್ನಾ ಹಾಕಬೇಕು, ತಿಳೀತಾ?"

"ನೀನಾ ಕೊಡು. ನನ್ನ ಕೈಲಿ ಯಾಕ?"

"ನಾ ಕೊಟ್ರ ಒಲ್ಲೆ ಅಂತಾಳ. ಉಡಿಗೆ ಬಿದ್ದದ್ದನ್ನ ಯಾವ ಹೆಣ್ಮಗಳೂ ಒಲ್ಲೆ ಅನ್ನಂಗಿಲ್ಲ."

ಎಂಥ ತಲೆ ಅವನದು! ಆದರೆ ಆ ಹೊತ್ತಿಗೆ ನನಗೆ ಅವನ ತಲೆ ಕಾಣಲಿಲ್ಲ, ಖಣ ಕಂಡಿತು. ಗಿಳಿಹಸಿರು, ದಪ್ಪ ನೇಯ್ಗೆ, ದಾಳಿಂಬೆ ಬಣ್ಣದ ಅಂಚು. ಮೂರು ಮೂಲೆಯಾಗಿ ಮಡಿಚಿ ಪಿನ್ನು ಹಾಕಿದ್ದರು. ಅಂಥದ್ದು ನನ್ನ ಮೈಮೇಲೆ ಬಿದ್ದು ಎಷ್ಟೋ ವರ್ಷವಾಗಿತ್ತು.

ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಡಿಗೆ ಬಂದ ಜಂಪರ್ ಪೀಸು ಉಡಿಗೇ ಹೋಗುತ್ತದೆ. ಒಳ್ಳೆಯದನ್ನು ಇಟ್ಟುಕೊಳ್ಳುತ್ತೇವೆ, ತೆಳ್ಳನೆಯದನ್ನು ಮುಂದಿನವರ ಉಡಿಗೆ ದಾಟಿಸುತ್ತೇವೆ. ಒಂದೊಂದು ಪೀಸು ಊರೆಲ್ಲ ತಿರುಗಿದರೂ ಕತ್ತರಿ ಕಂಡಿರುವುದಿಲ್ಲ. ನನ್ನ ಟ್ರಂಕಿನಲ್ಲಿ ಪಂಚಮಿಗೆ ಎದುರು ಮನೆಯ ಅಜ್ಜಿ ಹಾಕಿದ್ದ ಅಂಥದೊಂದು ಇತ್ತು. ನೀಲಿ ಪಾಲಿಸ್ಟರು, ಬಿಳಿ ಚುಕ್ಕಿ, ಒಂದು ಮೂಲೆಯಲ್ಲಿ ಅರಿಷಿಣದ ಕಲೆ. ಸಂಜೆ ಅಣ್ಣ ಗಣಿಯಿಂದ ಬರುವ ಮೊದಲೇ ಉಡಿ ತುಂಬುವಾಗ ಅದನ್ನು ಹಾಕಿದೆ. ಹಸಿರು ಖಣವನ್ನು ಟ್ರಂಕಿನ ತಳಕ್ಕೆ ಇಟ್ಟೆ. ಒಂದು ಬಟ್ಟೆಯ ತುಂಡು ತಾನೆ, ಯಾರಿಗೆ ಏನು ನಷ್ಟ, ಅಂದುಕೊಂಡೆ.

ಅಣ್ಣನಿಗೆ ತಡೆಯಲಾಗಲಿಲ್ಲ. ತನ್ನ ರೂಢಿಯನ್ನು ತಾನೇ ಮುರಿದು, ಅತ್ತಿಗೆ ಒಲೆಯ ಮುಂದೆ ಇದ್ದಾಗ ಬಾಗಿಲಿಗೆ ಬಂದು ನಿಂತು ಕೇಳಿದ.

"ಖಣ ನೋಡ್ದೇನು? ನಾನಾ ತಂದಿದ್ದು."

ಅತ್ತಿಗೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನೋಡ್ದೆ. ನಿಮ್ಮ ಮನಸ್ಸಿನಷ್ಟಾ ದೊಡ್ಡದೈತಿ."

ಅಣ್ಣ ಮುಖ ಸಣ್ಣ ಮಾಡಿಕೊಂಡು ಹೊರಗೆ ಹೋದ. ನಾನು ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆಗಲೇ ಎದ್ದು "ಅತ್ತಿಗಿ, ಅದು ಅಣ್ಣ ತಂದದ್ದಲ್ಲ" ಅಂದಿದ್ದರೆ ಮುಗಿದು ಹೋಗುತ್ತಿತ್ತು. ಅನ್ನಲಿಲ್ಲ. ಮರುದಿನ ಡಬ್ಬಿಯಲ್ಲಿ ಒಣ ರೊಟ್ಟಿ, ಖಾರದ ಪುಡಿ. ಅದರ ಮರುದಿನವೂ ಅದೇ. ಮೂರನೆಯ ದಿನ ಅತ್ತಿಗೆ ಚೀಲ ತುಂಬಿಕೊಂಡು ಕಂಪ್ಲಿಯ ಬಸ್ಸು ಹತ್ತಿದಳು.

ನಾಲ್ಕನೆಯ ದಿನ ನಾನು ಖಣವನ್ನು ಟೇಲರಿಗೆ ಕೊಡಲು ತೆಗೆದೆ. ಪಿನ್ನು ಬಿಚ್ಚಿ ಕೊಡವಿದಾಗ ಮಡಿಕೆಯೊಳಗಿಂದ ಏನೇನೋ ಉದುರಿದವು. ಕೈಗೆತ್ತಿಕೊಂಡು ನೋಡಿದೆ. ಪುಟ್ಟ ಪುಟ್ಟ ಕುಪ್ಪಸಗಳು. ಐನೂರರ ನೋಟುಗಳನ್ನು ಕುಪ್ಪಸದ ಆಕಾರಕ್ಕೆ ಮಡಿಚಿದ್ದ. ಎರಡು ತೋಳು, ಮುಂದೆ ಕೊರಳು, ಸೊಂಟದ ಹತ್ತಿರ ಒಂದು ಸಣ್ಣ ಮಡಿಕೆ. ಹದಿನೈದು ಕುಪ್ಪಸ. ಹೊಲಿಗೆ ಮಷೀನಿಗೆ ಸಾಕಾಗುವಷ್ಟು.

"ಹೊಲಿ, ನಾನು ಅಂದದ್ದು ತಪ್ಪಾಯಿತು" ಅಂತ ಅವನು ಬಾಯಿಂದ ಹೇಳಲಾರದ್ದನ್ನು ಹದಿನೈದು ಸಲ ಮಡಿಚಿದ್ದ. ಅದಿರಿನ ಸಾಲಿನಲ್ಲಿ ಎಷ್ಟು ದಿನ ಕೂತು ಮಾಡಿದನೋ. ಅದರ ಬದಲಿಗೆ ಅತ್ತಿಗೆಯ ಉಡಿಗೆ ಬಿದ್ದದ್ದು ಅರಿಷಿಣದ ಕಲೆಯ ಚಿಂದಿ. ಇದನ್ನು ಹೊಲ್ಕೋ ಹೋಗು ಅಂತ ಗಂಡ ಅಣಕಿಸಿದ ಅಂದುಕೊಂಡು ಅವಳು ಹೋಗಿದ್ದಳು. ನೀನು ಕೊಟ್ಟದ್ದು ಏನೇನೂ ಸಾಲದು ಅಂತ ಹೆಂಡತಿ ಅಂದಳು ಎಂದುಕೊಂಡು ಅವನು ಕೂತಿದ್ದ.

ಅಂದೇ ಹೇಳಬೇಕಿತ್ತು. ಹೆದರಿದೆ. ಬಟ್ಟೆಯ ತುಂಡು ಬೇರೆ, ಇಷ್ಟು ರೊಕ್ಕ ಬೇರೆ. ಕಳ್ಳಿ ಅನ್ನುತ್ತಾನೆ, ಮನೆ ಬಿಟ್ಟು ಹೋಗು ಅನ್ನುತ್ತಾನೆ ಅನಿಸಿತು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ಕಳೆದೆ. ಆಗ ಅಣ್ಣನ ಡಬ್ಬಿ ತುಂಬುತ್ತಿದ್ದವಳು ನಾನೇ. ಸಂಜೆ ಬಂದವನು ಕಂಪ್ಲಿಯಿಂದ ಫೋನು ಬಂತಾ ಅಂತ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದ. ನಾನು ಒಲೆ ನೋಡುತ್ತಿದ್ದೆ.

ಇನ್ನೊಂದನ್ನೂ ಮಾಡಿದೆ. ಒಂದು ದಿನ ಗೆಸ್ಟ್ ಹೌಸಿಗೆ ಹೋಗುವಾಗ ಚಪ್ಪಲಿ ಕಿತ್ತುಹೋಯಿತು. ಹದಿನೈದರಲ್ಲಿ ಒಂದು ಕುಪ್ಪಸ ಬಿಚ್ಚಿ, ಹೊಸಪೇಟೆ ಬಜಾರಿನಲ್ಲಿ ಹೊಸ ಚಪ್ಪಲಿ ಕೊಂಡೆ. ನನ್ನ ಹತ್ತಿರ ರೊಕ್ಕ ಇರಲಿಲ್ಲ ಅಂತಲ್ಲ, ಇತ್ತು. ಪ್ರೀತಿಯಿಂದ ಮಡಿಚಿದ ನೋಟನ್ನು ಬಿಚ್ಚಿ ಖರ್ಚು ಮಾಡುವುದು ಹೇಗಿರುತ್ತದೆ ಅಂತ ನೋಡಬೇಕಾಗಿತ್ತು. ಏನೂ ಅನಿಸಲಿಲ್ಲ. ಅಂಗಡಿಯವನು ಮಡಿಕೆ ಸರಿಮಾಡಿ ಗಲ್ಲಾಪೆಟ್ಟಿಗೆಗೆ ಹಾಕಿದ, ಅಷ್ಟೇ. ಆಮೇಲೆ ನನ್ನದೇ ನೋಟು ತಂದು ಕುಪ್ಪಸ ಮಾಡಲು ಕೂತೆ. ಎಷ್ಟು ಸಲ ಮಡಿಚಿದರೂ ಅವನದರ ಹಾಗೆ ಬರಲಿಲ್ಲ.

ಅತ್ತಿಗೆ ಹೋಗಿ ಹದಿನೇಳು ದಿನವಾಗಿತ್ತು. ಒಂದು ಸಂಜೆ ಅಣ್ಣ ಊಟಕ್ಕೆ ಕೂತವನು, ಎರಡು ತುತ್ತು ತಿಂದು, "ನಾ ಅಕಿಗೆ ಸಾಕಾಗಿರಬೇಕು, ತಂಗಿ," ಅಂದ. ಮರುದಿನ ನಾನು ಕೆಲಸಕ್ಕೆ ಹೋಗದೆ ಕಂಪ್ಲಿಯ ಬಸ್ಸು ಹತ್ತಿದೆ.

ಅತ್ತಿಗೆ ಪಕ್ಕದ ಮನೆಯವರ ಮಷೀನು ಕೇಳಿ ತಂದು ಪಡಸಾಲೆಯಲ್ಲಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ದಾರ ಹಲ್ಲಿನಿಂದ ಕಚ್ಚಿ ಹರಿದಳು.

"ಏನವ್ವಾ, ನಿಮ್ಮಣ್ಣ ಕಳಿಸಿದ್ರೇನು?"

"ಇಲ್ಲ ಅತ್ತಿಗಿ. ನಾನಾ ಬಂದೀನಿ."

"ಕುಂದ್ರು. ಉಂಡಿಯೇನು?"

ನಾನು ಕೂರಲಿಲ್ಲ. ಹಸಿರು ಖಣ ತೆಗೆದು ಮಷೀನಿನ ಹಲಗೆಯ ಮೇಲೆ ಇಟ್ಟೆ. "ಅವತ್ತು ಅಣ್ಣ ನಿನ್ನ ಉಡಿಗೆ ಹಾಕಾಕ ಕೊಟ್ಟಿದ್ದು ಇದು. ನಾ ಬದಲು ಮಾಡ್ದೆ. ಬಿಚ್ಚು."

ಅವಳು ಬಿಚ್ಚಿದಳು. ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಸಾಲಾಗಿ ಜೋಡಿಸಿದಳು. ಆಮೇಲೆ ಒಂದನ್ನು ಬೆಳಕಿಗೆ ಹಿಡಿದು, "ಅಯ್ಯ ನನ್ನ ಶಿವನ! ತೋಳಿಗೆ ಪಫ್ ಇಟ್ಟಾರ ನೋಡು!" ಅಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಕೊನೆಯದರ ಹತ್ತಿರ ಅವಳ ಬೆರಳು ನಿಂತಿತು.

"ಇದು ಅವರ ಕೈಯಲ್ಲ. ಒಂದು ತೋಳು ಗಿಡ್ಡ ಐತಿ."

"ಅದು ನನ್ನದು. ಅವಂದೊಂದು ಖರ್ಚು ಮಾಡ್ದೆ. ಚಪ್ಲಿ ತಗೊಂಡೆ."

ಅವಳು ಬಾಗಿಲ ಹೊರಗೆ ನಾನು ಬಿಟ್ಟಿದ್ದ ಚಪ್ಪಲಿ ನೋಡಿದಳು. ಬೈದರೆ ಬೈಸಿಕೊಳ್ಳಬೇಕು ಅಂತಲೇ ಬಂದಿದ್ದೆ. ಬೈದಳು ಕೂಡ. ಆದರೆ ನಾನು ಎಣಿಸಿದ್ದಕ್ಕಲ್ಲ.

"ಎಂದು ಗೊತ್ತಾತು ನಿನಗ, ರೊಕ್ಕ ಐತಿ ಅಂತ?"

"ನೀ ಬಂದ ಮರುದಿನ."

"ಇಷ್ಟು ದಿನ ಅವರು ಒಬ್ಬರಾ ಕುಂತು ಉಂಡ್ರಲ್ಲಲೇ! ಒಂದು ದಿನಾನಾದ್ರೂ ನಿನಗ ಅಯ್ಯೋ ಅನಿಸಲಿಲ್ಲೇನು? ಖಣ ಬೇಕಿದ್ರ ಕೇಳಬಾರದಿತ್ತಾ? ನಾನಾ ಹೊಲಿದು ಕೊಡ್ತಿದ್ದೆ ನಿನಗ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ತಟ್ಟೆ ಹಾಕಿ ಅನ್ನ ಬಡಿಸಿದಳು. ನಾನು ತುತ್ತು ಬಾಯಿಗೆ ಇಡುವಾಗ ಹೇಳಿದಳು.

"ನಿಮ್ಮಣ್ಣಗ ಇದನ್ನ ಹೇಳಬ್ಯಾಡ. ನಾನಾ ಹಟ ಮಾಡಿದ್ದೆ, ಈಗ ಇಳೀತು ಅಂತೀನಿ. ನನಗ ಇಲ್ಲೊಂದು ತವರು ಐತಿ. ನಿನಗ ಇರೋದು ಅದೊಂದಾ ಮನಿ."

ಇಬ್ಬರೂ ಒಂದೇ ಬಸ್ಸಿನಲ್ಲಿ ಹೊಸಪೇಟೆಗೆ ಬಂದೆವು. ಮರುದಿನ ಅಣ್ಣನ ಡಬ್ಬಿಗೆ ಶೇಂಗಾ ಹೋಳಿಗೆ ಹೋಯಿತು. ಆ ವಾರವೇ ಮಷೀನು ಬಂತು. ಅಂಗಡಿಯವನು ಒಂದೊಂದು ನೋಟಿನ ತೋಳು ಬಿಡಿಸುತ್ತ, "ಏನಮ್ಮಾ, ಇಸ್ತ್ರಿ ಮಾಡಿ ತರಬಾರದಿತ್ತೇನು?" ಅಂದ. ಅತ್ತಿಗೆ ಎಲ್ಲಕ್ಕಿಂತ ಮೊದಲು ನಾನು ಮಡಿಚಿದ್ದನ್ನೇ ಕೊಟ್ಟು ಕೈ ತೊಳೆದುಕೊಂಡಿದ್ದಳು. ಹಸಿರು ಖಣವನ್ನು ಆ ಮಷೀನಿನ ಮೇಲೆ ಮೊದಲು ಹೊಲಿದು ತಾನೇ ತೊಟ್ಟಳು. ನನಗೆ ಕೊಡಲಿಲ್ಲ. ಅದು ನನಗೆ ಸರಿ ಅನಿಸಿತು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಣ್ಣನಿಗೆ ಅದೊಂದು ತಮಾಷೆಯ ಮಾತಾಯಿತು. ನಾಲ್ಕು ಜನ ಸೇರಿದಲ್ಲೆಲ್ಲ ಹೇಳುತ್ತಿದ್ದ. "ನನ್ನ ಹೆಂಡ್ತಿ ಹಟ ಗೊತ್ತೇನು ನಿಮಗ? ಉಡಿ ತುಂಬ ರೊಕ್ಕ ಹಾಕಿದ್ರೂ ಇಪ್ಪತ್ತು ದಿನ ಮುಖ ತಿರುವಿಕೊಂಡು ಕುಂತಿದ್ಲು!" ಜನ ನಗುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದಳು. ಆ ಮಾತು ಬಂದಾಗ ನಾಲ್ಕು ವರ್ಷದಲ್ಲಿ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನನ್ನ ತಪ್ಪನ್ನು ಅವಳು ತನ್ನ ಸ್ವಭಾವ ಅಂತ ಮೈಮೇಲೆ ಹಾಕಿಕೊಂಡು ತಿರುಗುವುದನ್ನು ನೋಡುತ್ತ ನಾನು ಊಟ ಮಾಡಿದ್ದೇನೆ, ಮದುವೆ ಮುಂಜಿ ತಿರುಗಿದ್ದೇನೆ.

ಮೊನ್ನೆ ಕಂಪ್ಲಿಯಲ್ಲಿ ಅತ್ತಿಗೆಯ ತಮ್ಮನ ಮಗುವಿನ ತೊಟ್ಟಿಲ ಕಾರ್ಯ ಇತ್ತು. ಪಂಕ್ತಿಯಲ್ಲಿ ಕೂತ ಅಣ್ಣ ಅದೇ ಮಾತು ತೆಗೆದ. ಅತ್ತಿಗೆ ಸಾರಿನ ಬಕೀಟು ಹಿಡಿದು ಬಡಿಸುತ್ತಿದ್ದಳು. ಪಂಕ್ತಿಯ ಕೊನೆಯಲ್ಲಿದ್ದ ಒಬ್ಬ ಮುದುಕಿ, "ಅಂಥ ಗಂಡನ್ನ ಅಷ್ಟು ಕಾಯಿಸಬಾರದವ್ವ," ಅಂತ ಅತ್ತಿಗೆಗೆ ಬುದ್ಧಿ ಹೇಳಿದಳು. "ಹೌದವ್ವ, ತಪ್ಪಾತು," ಅಂದಳು ಅತ್ತಿಗೆ.

ನಾನು ಹಪ್ಪಳದ ಬುಟ್ಟಿ ಕೆಳಗಿಟ್ಟೆ.

"ಅಣ್ಣಾ, ಅಕಿಗೆ ಆ ರೊಕ್ಕ ಮುಟ್ಟಿರಲಿಲ್ಲ. ನಿನ್ನ ಖಣ ನಾ ಇಟ್ಕೊಂಡಿದ್ದೆ."

"ಸುಮ್ನಿರಲೇ," ಅಂದಳು ಅತ್ತಿಗೆ.

ಸುಮ್ಮನಿರಲಿಲ್ಲ. ಎಲ್ಲ ಹೇಳಿದೆ. ನೀಲಿ ಪೀಸು, ಟ್ರಂಕು, ಚಪ್ಪಲಿ. ಅಣ್ಣ ಎಲೆಯ ಮೇಲಿನ ಕೈ ಎತ್ತದೆ ಕೇಳಿದ.

"ಇಪ್ಪತ್ತು ದಿನವೂ ನಿನಗ ಗೊತ್ತಿತ್ತಾ?"

"ರೊಕ್ಕ ಇದ್ದದ್ದು ಮೊದಲು ಗೊತ್ತಿರಲಿಲ್ಲ. ಆಮ್ಯಾಲ ಗೊತ್ತಿತ್ತು."

ಅವನು ಹೆಂಡತಿಯ ಕಡೆ ತಿರುಗಿದ. "ಮತ್ತ ನೀ ಯಾಕ ಹೇಳಲಿಲ್ಲ? ಮಂದ್ಯಾಗ ಇಷ್ಟು ವರ್ಷ ನಿನ್ನ ಹಟಮಾರಿ ಅಂದೆನಲ್ಲ."

"ನಾ ಹಟಮಾರಿ ಅಲ್ಲಂತ ಯಾರು ಹೇಳಿದ್ರು ನಿಮಗ? ಸಾರು ಆರತೈತಿ, ಉಣ್ರಿ," ಅಂದು ಅವನ ಎಲೆಗೆ ಒಂದು ಸೌಟು ಹಾಕಿ ಮುಂದಕ್ಕೆ ನಡೆದಳು. ಅಣ್ಣ ಅವಳ ಬೆನ್ನು ನೋಡುತ್ತ ಕೂತ. ಆಮೇಲೆ ಬುದ್ಧಿ ಹೇಳಿದ ಆ ಮುದುಕಿಗೆ ಕೇಳುವ ಹಾಗೆ, ಎಲ್ಲರಿಗೂ ಕೇಳುವ ಹಾಗೆ, "ತಪ್ಪು ನನ್ನದೈತ್ರಿ," ಅಂದ.

ಅಣ್ಣ ನನ್ನನ್ನು ಮನೆಯಿಂದ ಕಳಿಸಲಿಲ್ಲ. ಮಾತೂ ಬಿಟ್ಟಿಲ್ಲ. ಬೆಳಿಗ್ಗೆ ನೀರು ಬಂತಾ, ಗ್ಯಾಸು ಮುಗೀತಾ ಅಂತ ಕೇಳುತ್ತಾನೆ. ಆದರೆ ಕಳೆದ ವಾರ ಹೂವಿನ ಪೊಟ್ಟಣ ಹಿಡಿದು ಬಂದಾಗ ಬಾಗಿಲಲ್ಲಿ ನಾನೇ ಇದ್ದೆ, ಯಾವಾಗಲೂ ಇಸಿದುಕೊಂಡು ಅತ್ತಿಗೆಗೆ ಕೊಡುವ ಅಭ್ಯಾಸದಿಂದ ಕೈ ಚಾಚಿದೆ. ಅವನು ನನ್ನ ಕೈ ನೋಡಿದ, ಒಂದು ಗಳಿಗೆ ನಿಂತ, ನನ್ನನ್ನು ದಾಟಿ ಒಳಗೆ ಹೋಗಿ ತಾನೇ ಅತ್ತಿಗೆಯ ಕೈಗೆ ಕೊಟ್ಟ.